ತುಟಿ ಒಂದು ಕಡೆ, ದನಿ ಒಂದು ಕಡೆ

೧೦ ಮೇ ೨೦೦೪, ಸೋಮವಾರ
ಮತ್ತೆ ಅದೇ. ಟೇಪಿನಿಂದ ಕಂಪ್ಯೂಟರಿಗೆ ಕ್ಯಾಪ್ಚರ್ ಅರ್ಧ ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಬಂದ ಮೇಲೆ ಟೇಪ್ ರಿವೈಂಡ್ ಮಾಡಿ ಮೊದಲಿನಿಂದ. ಚಿತ್ರ ಚೆನ್ನಾಗಿಯೇ ಇಳಿಯುತ್ತಿದೆ. ಆಡಿಯೋ ಕೈಕೊಡುತ್ತಿದೆ. ಧಾರೆಯ ಹೊತ್ತಿಗೆ ತುಟಿ ಒಂದು ಕಡೆ, ದನಿ ಒಂದು ಕಡೆ. ಕೊನೆಗೆ ಬಂದರೆ ಹಾಡು ಮುಗಿದಿರುತ್ತದೆ, ತಿಮ್ಮಮ್ಮ ದೊಡ್ಡವ್ವ ಇನ್ನೂ ಬಾಯಿ ಆಡಿಸುತ್ತಿರುತ್ತಾಳೆ.

ಗುರುಪುರದ ಕೇರಿಯ ಮದುವೆ. ದಾಸಯ್ಯ ದೊಡ್ಡಪ್ಪ, ತಿಮ್ಮಮ್ಮ ದೊಡ್ಡವ್ವನ ಮೊಮ್ಮಗಳು ಪವಿತ್ರಾಳದು. ರಕ್ತಸಂಬಂಧವಲ್ಲ. ನನ್ನನ್ನು ದಲಿತ ಸಂಘಕ್ಕೆ ಕರೆದೊಯ್ದವರು, ಮೊದಲ ಸಲ ಮೈಕಿನ ಮುಂದೆ ನಿಲ್ಲಿಸಿದವರು ಈ ಗಂಡ ಹೆಂಡತಿ. ಹೆಣ್ಣೊಪ್ಪಿಸುವಾಗ ದೊಡ್ಡವ್ವ ತಾನೇ ಕಟ್ಟಿದ ಹಾಡು ಹಾಡಿದಳು. ತಗ್ಗಿ ಬಗ್ಗಿ ಬಾಳು ಅಂತ ಎಲ್ಲರೂ ಹೇಳುವ ಜಾಗದಲ್ಲಿ ಇವಳದು— ಬಗ್ಗಬ್ಯಾಡ ಮಗಳೆ, ನಿಂಗೂ ಬಾಯಿ ಅದೆ. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಜೂಮ್ ಹಾಕಿ ಅದನ್ನೂ ಹಿಡಿದೆ.

೧೩ ಮೇ
ಆಗಲಿಲ್ಲ. ಕಂಪ್ಯೂಟರಿನ ಡ್ರೈವರ್ ಬದಲಾಯಿಸಿದೆ. ಫೈರ್‌ವೈರ್ ಕೇಬಲ್ ಬದಲಾಯಿಸಿದೆ. ಆಡಿಯೋ ತುಂಡು ಮಾಡಿ ಎಳೆದೆಳೆದು ಕೂರಿಸಿದೆ. ಒಂದು ಕೂತರೆ ಇನ್ನೊಂದು ಏಳುತ್ತದೆ. ಅಷ್ಟರಲ್ಲಿ ಪವಿತ್ರಾಳ ಅಪ್ಪ ನಟರಾಜು ಅಂಗಡಿಗೆ ಬಂದ.

"ಏನ್ಲಾ ಚಲುವ, ಬೀಗರು ಸೀಡಿ ಕೇಳ್ತಾವ್ರೆ. ಮಗು ಉಟ್ಟಿದ್ ಮ್ಯಾಲೆ ಕೊಟ್ಟೀಯಾ?"

"ನಾಳೆ ಕೊಡ್ತೀನಿ ಬುಡು."

ಲೈವ್ ಆಡಿಯೋ ಪೂರ್ತಿ ಡಿಲೀಟ್. ಮೇಲೆ ಸಿನಿಮಾ ಹಾಡು ಹಾಸಿದೆ. ಎಲ್ಲ ಸ್ಟುಡಿಯೋದವರೂ ಮಾಡುವುದೇ. ದೊಡ್ಡ ಪಾರ್ಟಿಯಾಗಿದ್ದರೆ ಟೇಪ್ ಹೊತ್ತುಕೊಂಡು ಮೈಸೂರಿಗೆ ಓಡಿರುತ್ತಿದ್ದೆ. ಇವರು ನಮ್ಮವರು. ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ.

೨೩ ಮೇ, ಭಾನುವಾರ
ಕಂಪಲಾಪುರದ ನಂಜಣ್ಣನವರ ಮಗ ಕಾಂತರಾಜ್ ಮದುವೆ. ಹೊರಡುವಾಗ ನೋಡಿದರೆ ಹೊಸ ಟೇಪ್ ಒಂದು ಕಡಿಮೆ. ಕಪಾಟಿನಲ್ಲಿ ಹಳೆಯವು ಸಾಲಾಗಿದ್ದವು. ಕೈ ಹೋಗಿದ್ದು ಗುರುಪುರದ್ದಕ್ಕೆ. ಅವರಿಗೆ ಸಿಡಿ ಕೊಟ್ಟಾಯಿತಲ್ಲ. ಹಾರ್ಡ್‌ಡಿಸ್ಕಿನಲ್ಲಿ ಇದ್ದದ್ದನ್ನೂ ಜಾಗಕ್ಕಾಗಿ ಅಳಿಸಿದೆ. ಕೇರಿಯ ಮದುವೆಯ ಮೇಲೆ ನಂಜಣ್ಣನವರ ಮದುವೆ ಹಿಡಿದೆ.

ಕ್ಯಾಮೆರಾ ಕೈಯಲ್ಲಿದ್ದರೆ ನಡುಮನೆವರೆಗೂ ಬಿಡುತ್ತಾರೆ. ಕ್ಯಾಮೆರಾ ಕೆಳಗಿಟ್ಟರೆ ಜಗುಲಿ. ಊಟದ ಹೊತ್ತಿಗೆ ಜಗುಲಿಯೇ ತೋರಿಸಿದರು. ಕೂತೆ. ಉಂಡೆ. ಬಾಯಿ ಬಿಟ್ಟಿದ್ದು ತುತ್ತಿಗೆ ಮಾತ್ರ.

ಈ ಟೇಪನ್ನು ಮೈಸೂರಿನಲ್ಲೇ ಇಳಿಸಿಕೊಂಡು ಬರಬೇಕು. ಇವರಿಗೆ ದನಿ ಸರಿಯಾಗಿ ಕೂಡಬೇಕು.

೧೮ ಸೆಪ್ಟೆಂಬರ್
ದಾಸಯ್ಯ ದೊಡ್ಡಪ್ಪ ಬಂದ. ದೊಡ್ಡವ್ವನಿಗೆ ಗಂಟಲಲ್ಲಿ ಗಂಟಾಗಿ ಮೈಸೂರಿನಲ್ಲಿ ಆಪರೇಶನ್ ಆಯಿತಂತೆ. ದನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ. ಜೀವ ಉಳಿಯಿತು. ಮಾತಿಲ್ಲ. ನನಗೆ ಇವತ್ತು ಗೊತ್ತಾಗುತ್ತಿದೆ… ನನ್ನ ಅಂಗಡಿಯಿರುವ ಹುಣಸೂರಿಗೂ ಗುರುಪುರಕ್ಕೂ ಎಷ್ಟು ದೂರ?

"ಮೊಮ್ಮಗಳ ಮದ್ವೇಲಿ ಆಡಿದ್ಲಲ್ಲ, ಅದೊಂದು ಆಡು ಬೇಕು ಕಣಪ್ಪ. ಸೀಡೀಲಿ ಬರೀ ಸಿನಿಮಾದ್ದು ಬತ್ತದೆ. ಒರಿಜಿನಲ್ಲು ನಿನ್ತಾವ ಇರ್ತದೆ ಅಂದ ನಟರಾಜು."

"ಹುಡುಕ್ತೀನಿ ದೊಡ್ಡಪ್ಪ."

"ಉಡುಕು. ಬರೆದಿಕ್ಕಾಕೆ ಅವ್ಳಿಗೆ ಅಕ್ಸರ ಬರಾಕಿಲ್ಲ. ಆಡಿಕ್ಕಾಕೆ ನಂಗೆ ರಾಗ ಬರಾಕಿಲ್ಲ. ನಾನ್ ಆಡುದ್ರೆ ಕೇರಿ ನಾಯೆಲ್ಲಾ ಎದ್ ಬತ್ತವೆ."

ನಕ್ಕ. ನಾನೂ ನಕ್ಕೆ. ನಕ್ಕೆನಲ್ಲ.

೧೯ ಸೆಪ್ಟೆಂಬರ್, ಸಂಜೆ
ಗುರುಪುರಕ್ಕೆ ಹೋಗಿದ್ದೆ. ಹೇಳಿಬಿಡಬೇಕೆಂದೇ ಹೋಗಿದ್ದು. ಅಷ್ಟರಲ್ಲಿ, ಅಜ್ಜಿಯನ್ನು ನೋಡಲು ಬಂದಿದ್ದ ಪವಿತ್ರಾ ಅದೇ ಸಿಡಿ ಹಾಕಿದಳು. ಕತ್ತಿಗೆ ಬಟ್ಟೆ ಕಟ್ಟಿಕೊಂಡು ದೊಡ್ಡವ್ವ ಟಿವಿ ಮುಂದೆ. ಪರದೆಯಲ್ಲಿ ಅವಳು ಬಾಯ್ತುಂಬ ಹಾಡುತ್ತಿದ್ದಾಳೆ. ಬರುತ್ತಿರುವುದು ಯಾರೋ ಸಿನಿಮಾದವಳ ದನಿ.

ದೊಡ್ಡವ್ವ ನನ್ನ ಕಡೆ ತಿರುಗಿ ಬೆರಳು ತಿರುಗಿಸಿ ತೋರಿಸಿದಳು. ವಾಲ್ಯೂಮ್ ಜಾಸ್ತಿ ಮಾಡು ಅಂತ. ಆ ಸಿನಿಮಾ ಹಾಡಿನ ಅಡಿಯಲ್ಲಿ ಎಲ್ಲೋ ತನ್ನ ದನಿ ಸಣ್ಣಗೆ ಇದೆ ಅಂದುಕೊಂಡಿದ್ದಾಳೆ. ಮಾಡಿದೆ. ಇನ್ನೂ ಅಂತ ಮತ್ತೆ ಬೆರಳು ತಿರುಗಿಸಿದಳು. ಇನ್ನೂ ಮಾಡಿದೆ.

"ಟೀವಿ ಒಡೆದೋಯ್ತದೆ ಕಣಜ್ಜಿ" ಅಂದಳು ಪವಿತ್ರಾ.

ದೊಡ್ಡವ್ವ ಮುಂದಕ್ಕೆ ಸರಿದು ಟಿವಿಗೆ ಕಿವಿ ಇಟ್ಟಳು.

ಹೇಳದೆ ಬಂದೆ. ನಮ್ಮವರ ಬಾಯಿಗೆ ಬೀಗ ಜಡಿದವರು ಯಾರು ಅಂತ ಬಸ್‌ಸ್ಟ್ಯಾಂಡಿನಲ್ಲಿ ಗಂಟಲು ಹರಿಯುವಂತೆ ಕೂಗಿದವನು ನಾನು. ಯಾರು? ಬೋರ್ಡು ಓದಿಕೋ. ಸಮತಾ ವಿಡಿಯೋ, ಪ್ರೊಪ್ರೈಟರ್ ಚಲುವರಾಜು. ಥೂ.

೨೧ ಸೆಪ್ಟೆಂಬರ್
ಕ್ಯಾಮೆರಾ ಮೆನು ತೆರೆದು ಒಂದೊಂದೇ ನೋಡಿದೆ. ಆಡಿಯೋ ಹನ್ನೆರಡು ಬಿಟ್. ಕಂಪ್ಯೂಟರಿನಲ್ಲಿ ಹದಿನಾರು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಮಾರಿದವನು ಇಟ್ಟದ್ದೇ ಇತ್ತು. ಎರಡೂ ಕಡೆ ಒಂದೇ ಮಾಡಿದರೆ ತುಟಿಯೂ ದನಿಯೂ ಕೂಡುತ್ತವೆ. ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಮೇ ತಿಂಗಳಲ್ಲಿ ಇಷ್ಟು ನೋಡಲಿಲ್ಲ. ನಮ್ಮವರ ಮದುವೆ ಅಂತ ನೋಡಲಿಲ್ಲ.

೨೨ ಸೆಪ್ಟೆಂಬರ್
ಆ ಟೇಪ್ ಸಿಕ್ಕಿತು. ಲೇಬಲ್ಲಿನಲ್ಲಿ ಗುರುಪುರ ಹೊಡೆದುಹಾಕಿ ನಂಜಣ್ಣನವರ ಹೆಸರು. ನನ್ನದೇ ಅಕ್ಷರ. ಅವರ ಮದುವೆ ಮುಗಿದ ಮೇಲೂ ಓಡಲಿ ಅಂತ ಬಿಟ್ಟೆ. ಸಾಫ್ಟ್‌ವೇರ್ ನಿಂತುಬಿಟ್ಟಿತು, ಟೇಪಿನ ಹೊತ್ತಿನ ಲೆಕ್ಕ, ಟೈಮ್‌ಕೋಡ್, ತುಂಡಾಗಿದೆ ಅಂತ. ಕ್ಯಾಮೆರಾದಲ್ಲೇ ಪ್ಲೇ ಒತ್ತಿ ಕೈಯಿಂದ ಕ್ಯಾಪ್ಚರ್ ಮಾಡಿದೆ. ಕಾಂತರಾಜನ ಆರತಿ ತಟ್ಟೆ… ಖಾಲಿ ನೀಲಿ ಪರದೆ… ಗುರುಪುರದ ಚಪ್ಪರ.

ಹಾಡಿಲ್ಲ. ಹಾಡಿನ ಮೇಲೆ ನಂಜಣ್ಣನವರ ಮದುವೆ ಕೂತಿದೆ. ಉಳಿದಿರುವುದು ಹಾಡಿನ ಆಚೆಯದು. ದೊಡ್ಡವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ನೇರ ಕ್ಯಾಮೆರಾ ನೋಡುತ್ತಾಳೆ. ತುಟಿ, ದನಿ ಕೂಡಿವೆ.

"ಬಂತಾ ಮಗಾ ನನ್ ದನಿ?"

ನನ್ನ ದನಿ ಮೈಕಿಗೆ ಹತ್ತಿರ. ಅವಳದಕ್ಕಿಂತ ದೊಡ್ಡದು. "ಎಲ್ಲಾ ಬಂತು ಕಣವ್ವ."

"ಅಂಗಾರೆ ಇಟ್ಟಿರು. ಯಾವತ್ತಾರ ಕೇಳೀನಿ."

ಅಷ್ಟೇ ಇರುವುದು.

೨೩ ಸೆಪ್ಟೆಂಬರ್, ಬೆಳಿಗ್ಗೆ
ಸಿಡಿಗೆ ಹಾಕಿದ್ದೇನೆ. ಮೇಲೆ ಯಾವ ಹಾಡೂ ಹಾಸಿಲ್ಲ. ಏನೂ ಕತ್ತರಿಸಿಲ್ಲ. ನನ್ನ "ಎಲ್ಲಾ ಬಂತು" ಕೂಡ ಹಾಗೇ ಇದೆ. ಗುರುಪುರದ ಬಸ್ಸಿನ ಹೊತ್ತಾಯಿತು. ಮೊದಲು ಬಾಯಿಬಿಟ್ಟು ಹೇಳಬೇಕು. ಆಮೇಲೆ ಹಾಕಬೇಕು. ಆಮೇಲೆ ದೊಡ್ಡವ್ವ ನನ್ನ ಕಡೆ ತಿರುಗಿ ಬೆರಳು ತಿರುಗಿಸಿದರೆ—