ಇಳಿಜಾರಿನಲ್ಲಿ ಕೇಳಿದ ಎರಡು ಸದ್ದು

16 ಜನವರಿ 1962, ಮಂಗಳವಾರ

ಮೋಟಾರ್ ಸೈಕಲ್ ತಗೊಳ್ತೀನೋ ಇಲ್ಲವೋ ಅಂತ ನಾಳೆ ಅದನ್ನು ಮಾರ್ತಿರುವ ಮೊಣ್ಣಪ್ಪನಿಗೆ ಹೇಳಬೇಕು.

ಯುದ್ಧಕಾಲದ ಗಾಡಿ. ಗೇರು ಟ್ಯಾಂಕಿನ ಪಕ್ಕ, ಕೈಯಲ್ಲೇ ಹಾಕಬೇಕು. ನೋಡಿದ ಕೂಡಲೇ ಮನಸೋತೆ. "ಒಂದು ರೌಂಡ್ ಹೋಗಿ ಬಾ, ಆಮೇಲೆ ಮಾತು" ಅಂದ ಮೊಣ್ಣಪ್ಪ. ನಮ್ಮ ಮನೆ ಹತ್ತಿರದ ಬಿಟ್ಟಂಗಾಲದ ಇಳಿಜಾರಿನಲ್ಲಿ ಸೈಲೆನ್ಸರ್ ಢಂ ಢಂ ಅಂತ ಎರಡು ಸಲ ಸಿಡಿಯಿತು. ಹಳೇ ಗಾಡಿ ಅಲ್ವಾ ಅಂದುಕೊಂಡು ಮುಂದೆ ಹೋದೆ.

ತಿರುಗಿ ಬರುವಾಗ ಕಾಫಿ ಕೊಯ್ಯುತ್ತಿದ್ದವರೆಲ್ಲ ಚೀಲ ಬಿಸಾಕಿ ನಮ್ಮ ಮನೆ ಕಡೆ ಓಡ್ತಿದ್ದರು. ಪಕ್ಕದ ಮನೆ ಬೋಜಪ್ಪಣ್ಣ ನನ್ನನ್ನು ಕಂಡು ಕೂಗಿದರು: "ಎರಡು ಗುಂಡು ಕೇಳಿತಲ್ಲೋ ಪೂವಯ್ಯ, ನೀನೆಲ್ಲಿದ್ದೆ?"

ನಮ್ಮ ಕಡೆ ಸಾವಾದ ಮನೆಯವರು ಎರಡು ಗುಂಡು ಹಾರಿಸಿ ಊರಿಗೆ ತಿಳಿಸ್ತಾರೆ. ಅಪ್ಪ ಹಾಸಿಗೆ ಹಿಡಿದು ತಿಂಗಳಾಯಿತು. ಆ ಸದ್ದು ನನ್ನದೇ ಅಂತ ಹೊಳೆಯಲೇ ಇಲ್ಲ. ಅಪ್ಪ ಹೋಗುವಾಗ ಮಗ ಗಾಡಿ ಆಡಿಸ್ತಿದ್ದ, ಅದೊಂದೇ ತಲೆಯಲ್ಲಿ. ಗೇರು ಬೀಳಲಿಲ್ಲ. ಗಾಡಿ ದಾರಿಯಲ್ಲೇ ಬಿಟ್ಟು ಓಡಿದೆ.

ಅಪ್ಪ ಮಂಚದ ಮೇಲೆ ಎದ್ದು ಕೂತು ಅಂಗಳದ ಜನರನ್ನು ನೋಡುತ್ತಿದ್ದರು. "ಯಾರು ಹೋದದ್ದು?"

ಆಗ ನನಗೆ ಹೊಳೆಯಿತು. "ಗಾಡಿ ಸಿಡಿದದ್ದು ಅಪ್ಪ."

"ಹಾಗಾದರೆ ತಗೊ. ನನ್ನ ದಿನ ಬಂದಾಗ ಗುಂಡು ಉಳಿಯುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ಒಳಗೆ ಅವರ ಕೆಮ್ಮು. ಗಾಡಿ ಬೇಕೇ ಬೇಕು ಅನ್ನಿಸ್ತಿದೆ, ಸುಳ್ಳು ಯಾಕೆ. ಆದರೆ ನಿಜವಾಗಿ ಗುಂಡು ಹಾರಿಸುವ ದಿನ, ಪೂವಯ್ಯನ ಗಾಡಿ ಬಂತು ಅಂದುಕೊಂಡು ಯಾರೂ ಚೀಲ ಕೆಳಗಿಡದಿದ್ದರೆ?