ಪೀಪಾಯಿಯ ಹಿಂದೆ ಕುಳಿತವನು

ಫೆಬ್ರವರಿ ೯

ಅಕ್ಕಾ,

ಮೊದಲು ಬೈದುಬಿಡು, ಆಮೇಲೆ ಓದು. ನೀನು ಡಿಸೆಂಬರಿನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಹೊರಟಿದೆ. ಆಲಸ್ಯ ನನ್ನ ನಂಟು, ಬೆನ್ನ ಮೇಲೆ ನೆಪದ ಗಂಟು. ಪ್ರಾಸ ಕಟ್ಟುವ ಚಾಳಿ ಹೋಗಿಲ್ಲ ನೋಡು, ಕನ್ನಡ ಬಿ.ಎ. ಓದಿ ಸಂಪಾದಿಸಿದ್ದು ಅದೊಂದೇ. ಭಾವನ ಬೆನ್ನುನೋವು ಹೇಗಿದೆ? ಮಗಳು ಗಣಿತದಲ್ಲಿ ಪಾಸಾದಳಂತೆ, ನಮ್ಮ ವಂಶದಲ್ಲೇ ಮೊದಲು. ಅವಳಿಗೆ ಶಹಭಾಸ್ ಹೇಳು.

ಕಾಗದ ಮನೆಗೆ ಬರದೆ ನೀನು ಪಾಠ ಮಾಡುವ ಶಾಲೆಗೆ ಬಂದದ್ದು ನೋಡಿ ಹುಬ್ಬೇರಿಸಿರುತ್ತೀಯ. ಮನೆಗೆ ಕಳಿಸಿದರೆ ಒಡೆದು, ಅಕ್ಷರ ಬಾರದ ಅಮ್ಮನಿಗೆ ಓದಿ ಹೇಳುವವರು ಮಾವ. ತಮ್ಮನಾದವನು ಅಕ್ಕನಿಗೆ ಓದಿ ಹೇಳಿದರೆ ತಪ್ಪೇನು ಅನ್ನಬೇಡ. ಫೋನು ಮಾಡೋಣವೆಂದರೆ ನಿನ್ನ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನನಗೆ ಕಾಣುವುದಿಲ್ಲ. ಓದಿದ ಮೇಲೆ ಹರಿದು ಹಾಕು. ಸಣ್ಣ ಸಣ್ಣದಾಗಿ ಹರಿ.

'ಅಪ್ಪನ ಸಿನಿಮಾ' ನಮ್ಮ ಲ್ಯಾಬಿಗೆ ಬಂದಿದೆ.

ಹೌದು, ಅದೇ. ಹಡಗಿನವರು ದಂಗೆ ಏಳುವ ಆ ಹಳೇ ಸಿನಿಮಾ. ಅಪ್ಪ ಅದರಲ್ಲಿ ಪಾತ್ರ ಮಾಡಿರಲಿಲ್ಲ, ಹಡಗಿನ ಮರಗೆಲಸ ಮಾಡಿದ್ದ ಅಷ್ಟೆ. ಆದರೂ ನಮ್ಮ ಮನೆಯಲ್ಲಿ ಅದಕ್ಕೆ ಆ ಹೆಸರೇ ನಿಂತುಬಿಟ್ಟಿತು. ಈಗ ಅದನ್ನು ತೊಳೆದು ಬಳಿದು ಮನೆಯಲ್ಲಿ ನೋಡುವ ಡಿಸ್ಕಿನಲ್ಲಿ ಬಿಡುಗಡೆ ಮಾಡುತ್ತಾರಂತೆ. ನೆಗೆಟಿವ್ ಡಬ್ಬಿ ತೆರೆದಾಗ ಹುಳಿ ವಾಸನೆ ಹೊಡೆಯಿತು. ಅದರ ಒಂದೊಂದು ಫ್ರೇಮಿನ ಧೂಳು, ಗೀರು, ಬೂಷ್ಟು ತೆಗೆಯುವುದು ನನ್ನ ಪಾಲು. ಧೂಳೇ ನನ್ನ ಬಾಳು, ಇದು ದಿನದಿನದ ಗೋಳು.

ನಿನಗೆ ಬಿರುಗಾಳಿಯ ದೃಶ್ಯ ನೆನಪಿರಬೇಕು. ಒಬ್ಬ ನಾವಿಕ ಹಡಗಿನ ಕಂಬ ಹತ್ತಿ, ಕ್ರೂರಿ ಕಪ್ತಾನನ ಬಾವುಟ ಕಿತ್ತು, ಅದರ ಜೊತೆಗೇ ಸಮುದ್ರಕ್ಕೆ ಬೀಳುತ್ತಾನಲ್ಲ, ಅದು. ಥಿಯೇಟರುಗಳಲ್ಲಿ ಓಡಿದ ಪ್ರತಿಗಳಲ್ಲಿ ಆ ದೃಶ್ಯ ಯಾರ ಮುಖವೂ ಗುರುತು ಸಿಗದಷ್ಟು ಕತ್ತಲು. ನೆಗೆಟಿವಿನಲ್ಲಿ ಹಾಗಿಲ್ಲ. ನಮ್ಮಲ್ಲಿ ಬಣ್ಣ, ಬೆಳಕು ಸರಿಮಾಡುವ ಹುಡುಗಿಯೊಬ್ಬಳಿದ್ದಾಳೆ. ಅವಳು ಬೆಳಕು ಏರಿಸಿದವಳೇ ಬಿದ್ದು ಬಿದ್ದು ನಕ್ಕಳು.

"ಸಾರ್, ಇಲ್ಲಿ ನೋಡಿ, ನಿಮ್ಮ ನಾವಿಕನ ಕಿವೀಲಿ ಪೆನ್ಸಿಲ್ಲು! ದಂಗೆ ಎದ್ದು ಲೆಕ್ಕ ಬರೆಯೋಕೆ ಹೋಗ್ತಿದ್ದಾನೇನೋ!"

ನಾನೂ ನಕ್ಕೆ. ನಗುತ್ತಲೇ ದೊಡ್ಡದು ಮಾಡಿ ನೋಡಿದೆ. ಚಪ್ಪಟೆ ಪೆನ್ಸಿಲು, ಬಡಗಿಗಳದ್ದು. ಬಲಗಿವಿ. ಅಮ್ಮ ಹೇಳುತ್ತಾಳಲ್ಲ, 'ಮಲಗುವಾಗಲೂ ತೆಗೀತಿರಲಿಲ್ಲ, ದಿಂಬಿನ ತುಂಬಾ ಗೀಟು' ಅಂತ. ಮದುವೆಯ ಫೋಟೋದಲ್ಲಿರುವ ಅದೇ ಮೂಗು, ಅದೇ ಗದ್ದ. ಅಕ್ಕಾ, ಅದು ಅಪ್ಪ.

ನಮಗೆ ಹೇಳಿದ್ದು ಏನು? ಅವತ್ತಿನ ಶೂಟಿಂಗು ಮುಗಿದಿತ್ತು, ಎಲ್ಲರೂ ಊಟಕ್ಕೆ ಕೂತಾಗ ಅಪ್ಪ ಒಬ್ಬನೇ ಎದ್ದು ಕಡಲ ಕಡೆ ಹೋದ, ತಿರುಗಿ ಬರಲಿಲ್ಲ. ಹೇಳಿದ್ದು ಯಾರು? ಮಾವ. ಅದನ್ನು ಕೇಳಿದ ಅಮ್ಮ ಏನು ಮಾಡಿದಳು ಅಂತ ನಿನಗೇ ನಾನು ಹೇಳಬೇಕೇ? ಆ ಬೆಳಿಗ್ಗೆ ಅಪ್ಪನ ಜೊತೆ ಜಗಳವಾಡಿ "ಮನೆಗೆ ಯಾಕೆ ಬರ್ತೀಯ, ಆ ಸಮುದ್ರದಲ್ಲೇ ಬಿದ್ದಿರು" ಅಂದಿದ್ದಳು. ಅಂದಿನಿಂದ ಅವಳು ಯಾರಿಗೂ ದನಿ ಎತ್ತಿ ಮಾತಾಡಿಲ್ಲ. ನಾವು ಲೋಟ ಒಡೆದರೂ "ಹೋಗಲಿ", ಫೇಲಾದರೂ "ಹೋಗಲಿ". ತನ್ನ ಬಾಯಿಂದಲೇ ಹೋದ ಅಂತ ನಂಬಿ ನಲವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಳು.

ಇನ್ನೊಂದಿದೆ. ಕಂಬದ ಬುಡದಲ್ಲಿ ಒಂದು ಪೀಪಾಯಿ. ಅದರ ಹಿಂದೆ ಚೌಕಳಿ ಶರ್ಟು ಹಾಕಿದ ಹುಡುಗನೊಬ್ಬ ಕ್ಯಾಮೆರಾಕ್ಕೆ ಕಾಣಬಾರದೆಂದು ಕುಕ್ಕರಗಾಲಲ್ಲಿ ಕೂತಿದ್ದಾನೆ. ಕೈಯಲ್ಲಿ ಹಗ್ಗದ ಸುರುಳಿ. ಆ ಹಗ್ಗದ ಇನ್ನೊಂದು ತುದಿ ಯಾರಿಗೂ ಕಟ್ಟಿಲ್ಲ.

ನಮ್ಮ ಲ್ಯಾಬಿನ ಯಜಮಾನರೂ ಬಂದು ನೋಡಿದರು. "ದಂಗೆ ಕಾಲದಲ್ಲಿ ಈ ಪ್ಯಾಂಟು ಶರ್ಟಿನೋನು ಎಲ್ಲಿಂದ ಬಂದ? ಅಳಿಸು. ಹಗ್ಗಾನೂ ಅಳಿಸು" ಅಂದು ಹೋದರು.

ಆ ಹುಡುಗನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ. ಆದರೂ ಗುರುತು ಸಿಗದೇ ಇರುತ್ತದೆಯೇ? ಚಪ್ಪಲಿ ಸಾಲಾಗಿ ಬಿಡದಿದ್ದರೆ ನಮ್ಮನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದ, ನಾವಿಬ್ಬರೂ ಬೆನ್ನ ಹಿಂದೆ 'ಕ್ಯಾಪ್ಟನ್' ಎಂದು ಕರೆಯುತ್ತಿದ್ದ ಮಾವ.

ಈ ಸಿನಿಮಾ ಬಂದಿದೆ ಎಂದು ನಾನು ಬಾಯಿತಪ್ಪಿ ಹೇಳಿದಾಗಿನಿಂದ ಅವರು ದಿನಾ ಫೋನು ಮಾಡುತ್ತಿದ್ದಾರೆ. "ಊಟ ಆಯ್ತಾ" ಅನ್ನುತ್ತಾರೆ, ಕೆಮ್ಮುತ್ತಾರೆ, ಆಮೇಲೆ, "ಆ ಬಿರುಗಾಳೀದು ಬೆಳಕು ಜಾಸ್ತಿ ಮಾಡ್ತಾರೇನೋ?" ನಿನ್ನೆ, "ಒಂದಿನ ನಾನೇ ಬಂದು ನೋಡ್ತೀನಿ" ಅಂದರು. ಫೋನು ಇಟ್ಟವನೇ ಎದ್ದು ಹೋಗಿ ಬಾಗಿಲಾಚೆ ನನ್ನ ಚಪ್ಪಲಿ ಸಾಲಾಗಿ ಇಟ್ಟೆ. ನಲವತ್ತಾರರ ಗಂಡಸು, ತಲೆಯಲ್ಲಿ ಅರ್ಧ ನರೆ, ಇನ್ನೂ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹೆದರುತ್ತಾನೆ ಅಂತ ನಗಬೇಡ. ಅವರ ಸಿಟ್ಟಿಗೆ ನಾನು ಹೆದರಿದ್ದಲ್ಲ. ಅವರ ದನಿಯಲ್ಲೇ ಹೆದರಿಕೆ ಇತ್ತು, ಅದನ್ನು ಕೇಳಿ ಹೆದರಿದೆ.

ಅಪ್ಪ ಬಿದ್ದರೂ ಮೇಲೆದ್ದು ಬಂದಿರಬಹುದು, ಆಮೇಲೆ ಬೇರೇನೋ ಆಗಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಸದ್ಯಕ್ಕೆ ನೀನು ಏನೂ ಕೇಳಬೇಡ. ಮಾವನ ಎದುರು ಎಂದಿನಂತೆಯೇ ಇರು, ಉಪ್ಪು ಕಮ್ಮಿ ಎಂದರೆ ಎಂದಿನಂತೆಯೇ ಮುಖ ಊದಿಸು.

ನಿನ್ನ ತಮ್ಮ


ಮಾರ್ಚ್ ೪

ಅಕ್ಕಾ,

ಈ ಸಲವೂ ತಡವಾಯಿತು, ಕ್ಷಮಿಸು. ಈ ಸಲ ಆಲಸ್ಯವಲ್ಲ. ಎರಡು ಸಲ ಬರೆದು ಹರಿದೆ. ನೀನು ಕಳಿಸಿದ ಸ್ವೆಟರು ಸರಿಯಾಗಿದೆ, ನಮ್ಮ ಲ್ಯಾಬಿನ ಏಸಿ ಚಳಿಗೆ ಹೇಳಿ ಮಾಡಿಸಿದ ಹಾಗಿದೆ. ತೋಳು ಮಾತ್ರ ಒಂದು ಗೇಣು ಉದ್ದ. ನಾನಿನ್ನೂ ಬೆಳೆಯುತ್ತೇನೆಂದು ನಿನಗೆ ಆಸೆ.

ಮಾವ ಬಂದಿದ್ದರು. ನಿಮಗೆಲ್ಲ ಪೆನ್ಷನ್ ಆಫೀಸಿನ ಕೆಲಸ ಎಂದು ಹೇಳಿ ಹೊರಟಿದ್ದರಂತೆ.

ಮಧ್ಯಾಹ್ನ ಎಲ್ಲರೂ ಟೀಗೆ ಹೋದಾಗ ಒಳಗೆ ಕರೆದುಕೊಂಡು ಹೋದೆ. ಗೋಡೆಗೆಲ್ಲ ಕಪ್ಪು ಬಳಿದ ಕೋಣೆ, ಎರಡು ಕುರ್ಚಿ, ಎದುರಿಗೆ ಆ ದೊಡ್ಡ ಪರದೆ. ಅವರು ಇಸ್ತ್ರಿ ಶರ್ಟು ಹಾಕಿದ್ದರು. ಷೂ ಬಾಗಿಲಾಚೆ ಬಿಟ್ಟು, ಬಗ್ಗಿ ಸಾಲು ಸರಿಮಾಡಿದರು.

"ಕೂತ್ಕೊಳ್ಳಿ ಮಾವ. ಮೊದಲಿಂದ ಹಾಕ್ಲಾ?"

"ಮೊದಲು, ಕೊನೆ ಎಲ್ಲಾ ನೋಡಿದ್ದೀನಿ ಕಣೋ. ಬಿರುಗಾಳೀದು ಹಾಕು."

ಹಾಕಿದೆ. ಅಪ್ಪ ಹತ್ತಿದ. ಬಾವುಟಕ್ಕೆ ಕೈ ಹಾಕಿದ.

"ನಿಲ್ಸು."

ನಿಲ್ಲಿಸಿದೆ. ಮಾವ ಪರದೆಯ ಹತ್ತಿರ ಹೋಗಿ ನಿಂತರು. ಪೀಪಾಯಿಯ ಹಿಂದಿನ ಹುಡುಗನ ಮುಖ ಅವರ ಎದೆಯ ಮಟ್ಟಕ್ಕೆ ಇತ್ತು.

"ಇನ್ಮೇಲೆ ಯಾರು ಬೇಕಾದ್ರೂ ಮನೇಲಿ ಕೂತು ಹೀಗೆ ನಿಲ್ಲಿಸಬಹುದಾ?"

"ಹೂಂ ಮಾವ. ರಿಮೋಟ್ ಒತ್ತಿದ್ರೆ ಆಯ್ತು."

"ಥಿಯೇಟರಲ್ಲಿ ನಿಲ್ತಿರ್ಲಿಲ್ಲ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗಿದುಹೋಗೋದು." ಪರದೆಯ ಮೇಲಿನ ಹಗ್ಗಕ್ಕೆ ಬೆರಳಿಟ್ಟು, "ಈ ಹಗ್ಗ ಅಳಿಸ್ಬೇಕು ಅಂದ್ರೆ ಎಷ್ಟು ಹೊತ್ತು ಬೇಕು ನಿಂಗೆ?" ಅಂದರು.

"ಹಗ್ಗ ಏನು ಮಹಾ, ಮಾವ. ಒಂದು ಕಾಫಿ ಕುಡಿಯೋ ಹೊತ್ತು."

ಅಕ್ಕಾ, ಆ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು, ಅದು ನನ್ನ ದಿನನಿತ್ಯದ ಕೆಲಸ. ಮಾವ ಮಾತ್ರ ಕುರ್ಚಿ ಹುಡುಕಿ ಕೂತರು.

"ಅವತ್ತು ಬೆಳಿಗ್ಗೆಯಿಂದ ಅದೇ ಗೋಳು," ಅಂದರು. "ಕಂಬ ಹತ್ತಬೇಕಾದೋನು ಹೆದರ್ಕೊಂಡು ಒಲ್ಲೆ ಅಂದ. ಆಳು ಇಲ್ಲ ಅಂತ ಭಾವನಿಗೇ, ನಿಮ್ಮಪ್ಪನಿಗೇ, ಆ ಬಟ್ಟೆ ಹಾಕಿದ್ರು. ಸೊಂಟಕ್ಕೆ ಹಗ್ಗ, ಇನ್ನೊಂದು ತುದಿ ನನ್ನ ಕೈಲಿ. ಪ್ರತಿ ಸಲಾನೂ ಹಗ್ಗ ಕಾಣ್ಸುತ್ತೆ, ಹಗ್ಗ ಕಾಣ್ಸುತ್ತೆ ಅಂತ ಕ್ಯಾಮೆರಾದೋರು ಕೂಗೋರು. ಕೊನೆಗೆ 'ಬಿಚ್ಚು' ಅಂದ್ರು. ನಾನು ಭಾವನ ಮುಖ ನೋಡಿದೆ. ಅವರು ನಗ್ತಿದ್ರು. 'ಬಿಚ್ಚೋ ಮಾರಾಯ, ಈ ಮರ ಕೆತ್ತಿದೋನೇ ನಾನು, ನನ್ನನ್ನೇ ಬೀಳಿಸುತ್ತಾ?' ಅಂದ್ರು. ಬಿಚ್ಚಿದೆ."

"ಬೀಳೋದು ಕಥೇಲಿ ಇತ್ತಾ ಮಾವ?"

"ಇರ್ಲಿಲ್ಲ. ಬಾವುಟ ಕಿತ್ತು ಕೆಳಗೆ ಇಳೀಬೇಕಿತ್ತು ಅಷ್ಟೆ. ಮಳೆ ಅಂತ ಬಿಟ್ಟ ಪೈಪಿನ ನೀರಲ್ಲಿ ಕಾಲು ಜಾರ್ತು. ಬೀಳೋವಾಗ ಮರಕ್ಕೆ ತಲೆ ಬಡೀತು. ಕ್ಯಾಮೆರಾ ಓಡ್ತಾನೇ ಇತ್ತು. ಚೆನ್ನಾಗಿ ಬಂದಿದೆ ಅಂತ ಇಟ್ಕೊಂಡ್ರು."

ಹೊರಗೆ ಆ ಬಣ್ಣ ಸರಿಮಾಡುವ ಹುಡುಗಿ ಯಾರ ಜೊತೆಗೋ ನಗುತ್ತಿದ್ದಳು. ನನಗೆ ಆ ಕಪ್ಪು ಕೋಣೆಯಿಂದ ಎದ್ದು ಓಡಬೇಕು ಅನ್ನಿಸಿತು. ಹೆದರಿಕೆಯಾದಾಗ ಪ್ರಾಸ ಹುಡುಕುವುದು ನನ್ನ ಅಭ್ಯಾಸ: ಭಯ, ಸಮಯ, ಹೃದಯ. ಯಾವುದೂ ಕೈ ಹಿಡಿಯಲಿಲ್ಲ.

ಶೂಟಿಂಗಿನಲ್ಲಿ ಸತ್ತ ಎಂದಾದರೆ ಸಿನಿಮಾ ನಿಲ್ಲುತ್ತದೆ, ಹಗ್ಗ ಬಿಚ್ಚಿದವನು ನೀನು, ನಿನ್ನನ್ನೇ ಒಳಗೆ ಹಾಕುತ್ತಾರೆ ಎಂದು ಸಿನಿಮಾದವರು ಅಂದರಂತೆ. ಮಾವನಿಗೆ ಆಗ ಹತ್ತೊಂಬತ್ತು ವಯಸ್ಸು. ಹೇಳಿಕೊಟ್ಟದ್ದನ್ನು ಬಂದು ನಮ್ಮ ಹೊಸ್ತಿಲ ಮೇಲೆ ನಿಂತು ಒಪ್ಪಿಸಿದರು.

"ಅಮ್ಮ ಅದನ್ನ ತನ್ನ ಮಾತಿಗೆ ಗಂಟು ಹಾಕ್ಕೊಂಡಳು. ಅದು ಗೊತ್ತಿತ್ತಾ ನಿಮಗೆ?" ಅಂದೆ.

"ಅವತ್ತೇ ಗೊತ್ತಾಯ್ತು."

"ಮತ್ತೆ?"

"ಇವತ್ತು ಹೇಳೋಣ, ನಾಳೆ ಹೇಳೋಣ ಅಂತಿದ್ದೆ ಕಣೋ. ಅಷ್ಟರಲ್ಲಿ ನೀವು ದೊಡ್ಡೋರಾಗಿಬಿಟ್ರಿ."

ಅವರನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ನನ್ನ ಕಾಲೇಜಿನ ಫೀಸು, ನಿನ್ನ ಮದುವೆ, ಅಮ್ಮನ ಕಣ್ಣಿನ ಆಪರೇಷನ್ನು, ಎಲ್ಲ ಈ ಮನುಷ್ಯನ ಕೈಯಿಂದಲೇ ನಡೆದದ್ದು. ತಾವೊಂದು ಮದುವೆಯಾಗಲಿಲ್ಲ. ಏನು ಅನ್ನಲಿ? ಆಗ ಅವರು ನನ್ನ ಮೊಣಕೈ ಹಿಡಿದರು. "ಅಳಿಸಿಬಿಡು ಮಗಾ. ನಿಮ್ಮಮ್ಮ ಇದನ್ನ ಹಿಡ್ಕೊಂಡೇ ಇಷ್ಟು ವರ್ಷ ನಿಂತಿದ್ದಾಳೆ. ಈಗ ಕೈ ಬಿಡಿಸಿದ್ರೆ ಬಿದ್ದುಹೋಗ್ತಾಳೆ."

ಮಗಾ ಅಂದರು, ಅಕ್ಕಾ. ಕ್ಯಾಪ್ಟನ್ ಬೇಡಿಕೊಂಡದ್ದನ್ನು ನೀನು ಎಂದಾದರೂ ಕಂಡಿದ್ದೀಯಾ?

ನಾನು ಅಳಿಸಲಿಲ್ಲ. ಆ ಹುಡುಗನನ್ನು ತೆಗೆದರೆ ಕಂಬವೂ ಕಲಸಿಹೋಗುತ್ತದೆ ಎಂದು ಯಜಮಾನರಿಗೆ ಸುಳ್ಳು ಹೇಳಿದೆ. "ಇರ್ಲಿ ಬಿಡು, ಯಾರು ನಿಲ್ಲಿಸಿ ನೋಡ್ತಾರೆ" ಅಂದರು. ಪ್ರತಿಗಳು ಒತ್ತಿ ಆಗಿದೆ. ಹದಿನೈದಕ್ಕೆ ಅಂಗಡಿಗೆ ಬರುತ್ತದೆ. ನಿನ್ನ ಬೀದಿಯವರಿಗೆಲ್ಲ ಇದು 'ಅಪ್ಪನ ಸಿನಿಮಾ' ಎಂದು ಗೊತ್ತು. ಯಾರೋ ಒಬ್ಬರು ತಂದು, ಪ್ರೀತಿಯಿಂದಲೇ, ಅಮ್ಮನ ಎದುರು ಹಾಕುತ್ತಾರೆ. ಅಮ್ಮನಿಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತದೆ.

ಮಾವನಿಗೆ ಅಷ್ಟೇ ಹೇಳಿದೆ: "ಹದಿನೈದರೊಳಗೆ ನೀವೇ ಅಮ್ಮನಿಗೆ ಹೇಳಿ. ಇಲ್ಲದಿದ್ರೆ ನಾನು ಬಂದು ಹೇಳ್ತೀನಿ." ಅವರು ಎದ್ದು ಬಾಗಿಲ ಕಡೆ ಹೊರಟರು. ಷೂ ಹಾಕಿಕೊಳ್ಳುವಾಗ ಲೇಸು ಕಟ್ಟಲು ಬರಲಿಲ್ಲ, ನಾನೇ ಕಟ್ಟಿದೆ. ಅಂದಿನಿಂದ ಒಂದು ಫೋನೂ ಇಲ್ಲ. ನಾನು ಮಾಡಿದರೆ ಎತ್ತುವುದಿಲ್ಲ.

ನಾನು ಮಾಡಿದ್ದು ಸರಿಯೇ ಎಂದು ನನಗೆ ಗೊತ್ತಿಲ್ಲ. ಅಮ್ಮನ ಬಾಯಿಯ ಬೀಗ ತೆಗೆಯಬೇಕೆಂದಿದ್ದೆ, ಅಷ್ಟೆ. ಆ ಬಾಯಿಂದ ಮೊದಲು ಬರುವ ಮಾತು ಯಾವುದು, ಅದನ್ನು ಕೇಳಿದ ಮಾವ ಎಲ್ಲಿಗೆ ಹೋಗುತ್ತಾರೆ ಎಂದು ಆಗ ಯೋಚಿಸಿರಲಿಲ್ಲ. ಅವರು ಸಂಜೆ ನಡೆಯಲು ಹೊರಟರೆ ಮಗಳನ್ನು ಜೊತೆಗೆ ಕಳಿಸು. ಕಡಲ ಕಡೆಗೆ ಹೊರಟರೆ ನೀನೇ ಹೋಗು. ಶನಿವಾರ ನಾನು ಬರುತ್ತೇನೆ. ಅಮ್ಮನಿಗೆ ಹೇಳುವ ಹೊತ್ತಿಗೆ ನೀನು ಅವಳ ಪಕ್ಕ ಕೂತಿರು, ನಾನು ಮಾವನ ಪಕ್ಕ ಕೂರುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ಮುಟ್ಟಿಸು. ಮಕ್ಕಳು ಚೆನ್ನಾಗಿ ಬಾಳಲಿ, ನಮಗಿಂತ ಜೋರು ದನಿಯಲ್ಲಿ ಜಗಳವಾಡಿಕೊಂಡು ಬಾಳಲಿ. ನಿನ್ನ ಕೈ ನನ್ನ ತಲೆ ಮೇಲಿರಲಿ.

ನಿನ್ನ ತಮ್ಮ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಸಿನಿಮಾ ಬಿಡುಗಡೆಯಾದಾಗ ಅಮ್ಮ ಬರಲಿಲ್ಲ, ಮಾವ ನಮ್ಮಿಬ್ಬರನ್ನು ಕರೆದುಕೊಂಡು ಹೋಗಿದ್ದರು. ನಡುವೆ ಅವರು, ಆಚೆ ನೀನು, ಈಚೆ ನಾನು. ಆ ನಾವಿಕ ಬಾವುಟದ ಜೊತೆ ಬಿದ್ದಾಗ ಇಡೀ ಥಿಯೇಟರು ಚಪ್ಪಾಳೆ ಹೊಡೆಯಿತು. ನಾನು ಕುರ್ಚಿಯ ಮೇಲೆ ನಿಂತು ಸಿಳ್ಳೆ ಹಾಕಿದೆ. ನೀನು "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಕೂಗಿದೆ. ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಮಾವನ ಕೈ ಮಾತ್ರ ನೆನಪಾಗುತ್ತಿಲ್ಲ. ಅವರೂ ಚಪ್ಪಾಳೆ ಹೊಡೆದರೇ? ನೀನು ದೊಡ್ಡವಳು, ನಿನಗೆ ನೆನಪಿರಬಹುದು. ನೆನಪಿದ್ದರೆ ನನಗೆ ಬರೆಯಬೇಡ.