ವಾರಕ್ಕೆ ನಾಲ್ಕು ಸಾಲು

ಮನೆ, ಊಟದ ಮೇಜು
ಬುಧವಾರ, ಮಾರ್ಚ್ ೧೮, ಮಧ್ಯಾಹ್ನ ಎರಡೂವರೆ

ಪ್ರೀತಿಯ ಸರ್ವೆಯರ್ ಸಾಹೇಬರಿಗೆ,

ಹೇಗಿದ್ದೀರಿ? ಕೆಮ್ಮು ಕಮ್ಮಿಯಾಯಿತಾ? ಕಲ್ಲಿನ ಧೂಳಿಗೆ ಅಂತ ಕಳಿಸಿದ ಎರಡು ಡಜನ್ ಮಾಸ್ಕು ಇನ್ನೂ ಪೆಟ್ಟಿಗೆಯಲ್ಲೇ ಇದ್ದರೆ ಅವು ಮಾಸುವುದಿಲ್ಲ, ನೀವು ಮಾಸುತ್ತೀರಿ, ನೆನಪಿರಲಿ. ಎಡಮಂಡಿ ಹೇಗಿದೆ? ದಿನಾ ಆ ಸುರಂಗದೊಳಗೆ ಎರಡು ಕಿಲೋಮೀಟರ್ ನಡೆದು ಹೋಗುವವರಿಗೆ ಮಂಡಿ ಕೇಳುವುದು, ಮೀನಿಗೆ ನೆಗಡಿಯಾ ಅಂತ ಕೇಳಿದ ಹಾಗೆ. ಆದರೂ ಕೇಳುತ್ತೇನೆ, ಹೆಂಡತಿಯ ಹಕ್ಕು. ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನ ಬಿಪಿ ಸ್ವಲ್ಪ ಏರಿದೆ, ಡಾಕ್ಟರು ಯಾಕೆ ಅಂದರು. ಗಂಡ ಅಂತರದಲ್ಲಿದ್ದಾರೆ, ಅದಕ್ಕೆ ಗಂಡಾಂತರ ಅಂದೆ. ಪಾಪ, ಅವರು ಅದನ್ನು ನಿಜವಾಗಿಯೂ ಚೀಟಿಯಲ್ಲಿ ಬರೆದುಕೊಂಡರು.

ಸುದ್ದಿಗೆ ಬರುತ್ತೇನೆ. ನಿಮ್ಮ ಮಗಳು ಗುಂಡುಸೂಜಿಗೆ ಗಣಿತ ಬಂತು! ಬಂತು ಅಂದರೆ ನೆಂಟರು ಬಂದ ಹಾಗಲ್ಲ, ಜ್ವರ ಬಂದ ಹಾಗೆ. ನೀವು ಹೊರಟ ವಾರದ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಆರು ತೆಗೆದದ್ದು ನೆನಪಿದೆಯಲ್ಲ? ನಕ್ಷೆಯ ಪಾಠ. ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಸರಿಯಾಗಿಯೇ ಇಡುತ್ತಿದ್ದಳು, ಗೆರೆ ಸರಿಯಾಗಿಯೇ ಎಳೆಯುತ್ತಿದ್ದಳು, ಆಮೇಲೆ ಪೆನ್ಸಿಲ್ ಕಚ್ಚಿಕೊಂಡು "ಅಮ್ಮಾ, ಇದು ಯಾರ ಗೆರೆ?" ಅನ್ನುತ್ತಿದ್ದಳು. ಟೀಚರು "ಯಾರದ್ದೂ ಅಲ್ಲ, ಸಮೀಕರಣದ್ದು" ಅಂದರಂತೆ. ಯಾರದ್ದೂ ಅಲ್ಲದ ಗೆರೆಯನ್ನು ಯಾಕೆ ನೆನಪಿಟ್ಟುಕೊಳ್ಳಬೇಕು ಅಂತ ಇವಳು ಪುಸ್ತಕ ಮುಚ್ಚಿಟ್ಟಳು. ನಾನು ನನ್ನ ಕಾಲೇಜಿನ ಗಂಟಲು ತೆಗೆದು ಓರೆಯ, ಅದೇ ಸ್ಲೋಪಿನ, ಸೂತ್ರ ಹೇಳಿದೆ: ಏರಿದ್ದನ್ನು ಸಾಗಿದ್ದರಿಂದ ಭಾಗಿಸು. ಬಾಯಿಪಾಠ ಮಾಡಿ ಒಪ್ಪಿಸಿದಳು. ಮರುದಿನ ಕೇಳಿದರೆ ಓರೆಯೂ ಇಲ್ಲ, ನೇರವೂ ಇಲ್ಲ. ಚಿತ್ರ ಚಿಕ್ಕವರಿಗೆ, ಸೂತ್ರ ಬುದ್ಧಿವಂತರಿಗೆ ಅಂತ ಹದಿನೆಂಟು ವರ್ಷ ತರಗತಿಯಲ್ಲಿ ಕೊಚ್ಚಿಕೊಂಡವಳು ನಾನು. ಮಗಳ ಮುಂದೆ ಸೂತ್ರ ಹರಿಯಿತು, ಬೊಂಬೆ ಕುಣಿಯಲಿಲ್ಲ.

ಕೊನೆಗೆ ಸೋತು, ನಿನಗೆ ಗೊತ್ತಿರುವ ಯಾವುದಾದರೂ ಲೆಕ್ಕ ತಗೊಂಡು ಗೆರೆ ಎಳಿ, ನನ್ನ ಪ್ರಾಣ ತೆಗೆಯಬೇಡ ಅಂದೆ. ಅವಳು ಬಿಸ್ಕತ್ತಿನ ಡಬ್ಬಿಯಿಂದ ನಿಮ್ಮ ಪತ್ರಗಳನ್ನು ತೆಗೆದಳು. ಆಗ ಆರು ಬಂದಿದ್ದವು. ಪ್ರತಿ ಭಾನುವಾರ ಒಂದು, ಅದೇ ರೂಲು ಹಾಕಿದ ಪ್ಯಾಡು, ಅದೇ ನೀಲಿ ಪೆನ್ನು. ಕೆಳಗಡೆ ಅಕ್ಷಕ್ಕೆ ವಾರ, ಪಕ್ಕದ ಅಕ್ಷಕ್ಕೆ ಸಾಲು. ಒಂದೊಂದು ಪತ್ರದಲ್ಲಿ ಎಷ್ಟು ಸಾಲು ಅಂತ ಎಣಿಸಿ ಚುಕ್ಕೆ ಇಟ್ಟಳು: ನಲವತ್ತಮೂರು, ನಲವತ್ತೊಂದು, ಮೂವತ್ತೈದು, ಮೂವತ್ತೆರಡು, ಇಪ್ಪತ್ತೆಂಟು, ಇಪ್ಪತ್ತನಾಲ್ಕು. ಸ್ಕೇಲು ಇಟ್ಟು ಎಳೆದಳು. ಆಮೇಲೆ ಕಣ್ಣು ಮುಚ್ಚಿ ಗೆರೆಯ ಮೇಲೆ ಬೆರಳು ಜಾರಿಸಿದಳು. "ಅಮ್ಮಾ, ಅಪ್ಪ ವಾರಕ್ಕೆ ನಾಲ್ಕು ಸಾಲು ಇಳೀತಾರೆ." ನಾನು ಕುಣಿದುಬಿಟ್ಟೆ ರೀ. ಅದೇ ಕಣೇ ಓರೆ ಅಂದರೆ, ಮೈನಸ್ ನಾಲ್ಕು! ಅವಳು ಕಣ್ಣು ಬಿಟ್ಟು "ಓ, ಇಷ್ಟೇನಾ, ಇದು ಬೆರಳಿಗೇ ಗೊತ್ತಾಗತ್ತಲ್ಲ" ಅಂದಳು. ಮುಂದಿನ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು. ಆ ಒಂದು ಅಂಕ ಹೋದದ್ದೂ ಹೆಸರು ಬರೆಯದಿದ್ದಕ್ಕೆ.

ಕುಣಿದ ಮೇಲೆ ಕುಣಿದವಳಿಗೆ ಅರ್ಥವಾಯಿತು, ಗಂಡನ ಕಾಗದ ವಾರವಾರಕ್ಕೂ ಸವೆಯುತ್ತಿದೆ ಅಂತ. ನಾನೂ ಮನುಷ್ಯಳೇ, ಮೊದಲು ಬಂದದ್ದು ಹೆಂಡತಿಯ ಯೋಚನೆ: ಅಲ್ಲಿ ಯಾರಾದರೂ ಇದ್ದಾಳಾ? ನಿಜ ಹೇಳಲಾ, ಈಗ ಅನ್ನಿಸುತ್ತೆ ಹಾಗಾಗಿದ್ದರೇ ವಾಸಿಯಿತ್ತು. ಆದರೆ ಯಾವ ಹೆಂಗಸೂ ಇಷ್ಟು ನೇರವಾಗಿ ಗಂಡಸನ್ನು ಇಳಿಸುವುದಿಲ್ಲ. ಗುಂಡುಸೂಜಿ ಗೆರೆಯನ್ನು ಮುಂದಕ್ಕೆ ಎಳೆದು, ಇನ್ನೂ ಬಾರದ ಪತ್ರಗಳಿಗೆ ಪೆನ್ಸಿಲಿನಲ್ಲಿ ಪುಟ್ಟ ಉಂಗುರಗಳನ್ನು ಬರೆದಳು: ಇಪ್ಪತ್ತು, ಹದಿನಾರು, ಹನ್ನೆರಡು. ಏಳನೆಯದು ಬಂತು, ಇಪ್ಪತ್ತು ಸಾಲು. ಎಂಟನೆಯದು, ಹದಿನಾರು. ಮೊನ್ನೆ ಸೋಮವಾರ ಒಂಬತ್ತನೆಯದು ಬಂತು. ಅವಳು ಕವರು ಒಡೆಯುವ ಮೊದಲೇ ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದಳು. ಹನ್ನೆರಡು. ಗೂಡಿಗೆ ಹಕ್ಕಿ ಬಂದ ಹಾಗೆ ಚುಕ್ಕೆ ಉಂಗುರದೊಳಗೆ ಹೋಗಿ ಕೂತಿತು. ಮೊದಮೊದಲು ಒಂದೊಂದು ಸಾಲು ಆಚೆ ಈಚೆ ಸುಳಿದಾಡುತ್ತಿದ್ದ ಚುಕ್ಕೆಗಳು ಈಗ ಗೆರೆ ಬಿಟ್ಟು ಕದಲುತ್ತಿಲ್ಲ.

ನಾನು ಬಿಡುತ್ತೇನಾ? ಒಂಬತ್ತು ಚುಕ್ಕೆಯಿಂದ ನಿಯಮ ಆಗುವುದಿಲ್ಲ ಅಂದೆ. ಅಕ್ಷರ ದೊಡ್ಡದು ಚಿಕ್ಕದು ಆದರೆ ಸಾಲು ಬದಲಾಗುತ್ತೆ, ಸಾಲು ಬಿಡು, ಪದ ಎಣಿಸು ಅಂದೆ. ಎಣಿಸಿದಳು. ಗೆರೆ ಇನ್ನೂ ನೇರವಾಯಿತು. ಕೆಲಸ ಜಾಸ್ತಿಯಾದರೆ ಯಾರಿಗಾದರೂ ಪತ್ರ ಚಿಕ್ಕದಾಗುತ್ತೆ ಅಂದೆ. "ಹೌದಮ್ಮ, ಆದರೆ ಕೆಲಸಕ್ಕೆ ಸ್ಕೇಲು ಇಟ್ಟು ಚಿಕ್ಕದು ಮಾಡಕ್ಕೆ ಬರತ್ತಾ?" ಅಂದಳು. ಇಂಥ ಬಾಯಿಗೆ ಗುಂಡುಸೂಜಿ ಅಂತ ಹೆಸರಿಟ್ಟವರು ನೀವೇ, ಅನುಭವಿಸುವವಳು ನಾನು.

ಇಷ್ಟರವರೆಗೆ ತಮಾಷೆಯೇ ಆಗಿತ್ತು. ಮೊನ್ನೆ ಸಂಜೆ ಅವಳು ಗೆರೆಯನ್ನು ಹಿಂದಕ್ಕೂ ಎಳೆದಳು, ಎಡಗಡೆಗೆ, ಸೊನ್ನೆ ವಾರದವರೆಗೆ. ಅಂದರೆ ಜನವರಿ ನಾಲ್ಕು, ನೀವು ಹೊರಟ ದಿನ. ಗೆರೆ ಹೋಗಿ ನಲವತ್ತೆಂಟಕ್ಕೆ ಮುಟ್ಟಿತು. "ಸೊನ್ನೆ ವಾರದಲ್ಲಿ ಅಪ್ಪ ನಲವತ್ತೆಂಟು ಸಾಲು ಬರೆದಿರಬೇಕಲ್ಲಮ್ಮಾ?" ಅಂತ ಕೇಳಿದಳು. ನನಗೆ ಸಮಾಧಾನವಾಯಿತು. ಅವತ್ತು ಯಾವ ಪತ್ರ? ಮನೆಯಲ್ಲೇ ಇದ್ದರಲ್ಲ! ನೋಡಿದೆಯಾ, ಚಿತ್ರ ನಂಬಿದರೆ ಹೀಗೆ, ಗೆರೆಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವುದಿಲ್ಲ ಅಂತ ದೊಡ್ಡ ಭಾಷಣ ಶುರು ಮಾಡಿದೆ. ಅವಳು ಭಾಷಣದ ಮಧ್ಯೆ ಎದ್ದು ಅಡುಗೆಮನೆಗೆ ಹೋದಳು. ಕಪಾಟಿನ ಬಾಗಿಲು ತೆಗೆದ ಸದ್ದು. ಎಷ್ಟು ಹೊತ್ತಾದರೂ ಮುಚ್ಚಿದ ಸದ್ದಿಲ್ಲ. ಹೋಗಿ ನೋಡಿದರೆ, ಬಾಗಿಲಿನ ಒಳಬದಿಗೆ ನೀವು ಹೊರಡುವ ದಿನ ಅಂಟಿಸಿದ ಪಟ್ಟಿಯ ಮೇಲೆ ಬೆರಳಿಟ್ಟು ನಿಂತಿದ್ದಾಳೆ. ನೀರಿನ ಮೋಟರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡ, ಬಚ್ಚಲ ನಲ್ಲಿಗೆ ವಾಷರು ಮೇಲಿನ ಡ್ರಾಯರಿನಲ್ಲಿದೆ, ಫ್ಯೂಸು ಹೋದರೆ ಮೊದಲು ಚಪ್ಪಲಿ ಹಾಕಿಕೋ... ಅದನ್ನು ನಾನು ಪತ್ರ ಅಂತ ಯಾವತ್ತೂ ಓದಿರಲಿಲ್ಲ. ನಲವತ್ತೆಂಟು ಸಾಲು ರೀ. ಕೊನೆಯ ಸಾಲು, "ನಾನು ಬರುವವರೆಗೆ ಈ ಪಟ್ಟಿ ಕೀಳಬೇಡಿ." ಗುಂಡುಸೂಜಿ ನನ್ನ ಕಡೆ ತಿರುಗಲಿಲ್ಲ. "ನಾವು ಗೆರೆಗೆ ಇದನ್ನ ಹೇಳಿರಲಿಲ್ಲ ಅಲ್ವಾಮ್ಮಾ" ಅಂದಳು, ಅಷ್ಟೇ.

ಒಳ್ಳೆಯ ಚಿತ್ರದ ಗುಣವೇ ಅದು, ನಾವು ತುಂಬಿದ್ದಕ್ಕಿಂತ ಹೆಚ್ಚು ಅದರಿಂದ ಬಗ್ಗಿಸಿಕೊಳ್ಳಬಹುದು. ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೆ ಹೇಳಿಯೂ ಇದ್ದೆ. ಅದು ಕಪಾಟಿನ ಬಾಗಿಲ ಹಿಂದೆ ನಿಂತುಕೊಂಡಿರುತ್ತೆ ಅಂತ ಯಾರೂ ಹೇಳಿರಲಿಲ್ಲ.

ಅವತ್ತು ನಿಮ್ಮ ಒಂಬತ್ತೂ ಪತ್ರಗಳನ್ನು ಸಾಲಾಗಿ ಜೋಡಿಸಿ, ಎಣಿಸುವುದಕ್ಕಲ್ಲ, ಓದುವುದಕ್ಕೆ ಕೂತೆ. ಮೊದಲು ಉದುರಿದ್ದು ಹವಾಮಾನ. ಆಮೇಲೆ ಕ್ಯಾಂಪಿನ ಅಡುಗೆಯವನ ಮೇಲಿನ ಬೈಗುಳ, ನನಗೆ ಅದು ಇಷ್ಟವಿತ್ತು. ಆರನೆಯದರಲ್ಲಿ ನಿಮ್ಮ ಕೆಟ್ಟ ಜೋಕುಗಳು ಹೋದವು, ಅದಕ್ಕೆ ನಾನು ಅತ್ತಿಲ್ಲ ಅಂತ ಹೇಳಿದರೆ ನಂಬಿ, ಅತ್ತೆ ಅಂದರೂ ನಂಬಿ. ಎಂಟನೆಯದರಲ್ಲಿ "ಗುಂಡುಸೂಜಿ" ಇಲ್ಲ, ಬರೀ "ಮಗು". ಒಂಬತ್ತನೆಯದರಲ್ಲಿ "ಪ್ರೀತಿಯ" ಅನ್ನುವುದೂ ಇಲ್ಲ. ಹನ್ನೆರಡು ಸಾಲಿನಲ್ಲಿ ನಾಲ್ಕು ಸಾಲು ಒಂದು ಸದ್ದಿನದ್ದೇ: ಗುಡ್ಡದ ಆ ಬದಿಯಿಂದ ಕೊರೆಯುವವರ ಕುಟ್ಟುವ ಸದ್ದು ನಿಮ್ಮ ಬದಿಗೆ ಕೇಳಿಸುತ್ತಿದೆ, ನೀವೂ ಬಂಡೆಗೆ ಕಿವಿಯಿಟ್ಟು ಕೇಳಿದಿರಿ, ನಿಧಾನವಾಗಿದೆ, ತಾಳ ತಪ್ಪುವುದಿಲ್ಲ, ೨೯ನೇ ತಾರೀಖು ಭಾನುವಾರ ಎರಡೂ ಬದಿ ಕೂಡುತ್ತವೆ ಅಂತ. ಸಂತೋಷ. ಆದರೆ ನಿಮ್ಮ ಮೂರನೇ ಪತ್ರ ಕೈಯಲ್ಲೇ ಇದೆ. ಆ ಬದಿಯವರು ತಮ್ಮ ಪಾಲಿನ ಉದ್ದ ಕೊರೆದು ಮುಗಿಸಿ, ಯಂತ್ರ ಬಿಚ್ಚಿಕೊಂಡು, ಜನವರಿಯಲ್ಲೇ ಗಂಟುಮೂಟೆ ಕಟ್ಟಿಕೊಂಡು ಹೋದರು, ಇನ್ನು ಉಳಿದದ್ದೆಲ್ಲ ನಮ್ಮ ಬದಿಯ ಕೆಲಸ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಕುಟ್ಟುತ್ತಿರುವವರು ಯಾರು?

ಉತ್ತರ ಸುಲಭವಿರಬಹುದು, ನೀರಿರಬಹುದು, ಬಂಡೆ ಸಡಿಲವಾಗುತ್ತಿರಬಹುದು. ನಾನು ಅಳತೆಯವಳಲ್ಲ. ಕಾಣದ ಕಡೆಗೆ ಗೆರೆ ಎಳೆದು, ಅದು ಸರಿಯಾದ ಜಾಗಕ್ಕೇ ಹೋಗಿ ಮುಟ್ಟುತ್ತೆ ಅಂತ ನಂಬಿ ಬದುಕುವ ಕಸುಬು ನಿಮ್ಮದು. ಮಗಳು ನನ್ನ ಹೊಟ್ಟೆಯಲ್ಲಿ ಹುಟ್ಟಿದರೇನು, ಕಣ್ಣು ನಿಮ್ಮದೇ. ಅವಳ ಗೆರೆ ಕೆಳಗಿನ ಅಕ್ಷವನ್ನು ಮುಟ್ಟುವುದು ಹನ್ನೆರಡನೇ ವಾರದಲ್ಲಿ. ಕ್ಯಾಲೆಂಡರಿನಲ್ಲಿ ನಾನೇ ಎಣಿಸಿದೆ. ಮಾರ್ಚ್ ೨೯.

ಸೊನ್ನೆ ಸಾಲಿನ ಪತ್ರ ಅಂದರೆ ಏನೇ ಅಂತ ಕೇಳಿದೆ, ನಗುವಂತೆ. "ಬರೀ ಕವರು ಬರತ್ತೆ" ಅಂದಳು. ಅದರ ಮುಂದಿನ ವಾರ? ಕೇಳಬಾರದಿತ್ತು. "ಮೈನಸ್ ನಾಲ್ಕು." ಹಾಗೆಂದರೆ ಅರ್ಥವಿಲ್ಲ, ಕೆಲವು ಕಡೆ ಗೆರೆ ಇದ್ದರೂ ಅದರ ಕೆಳಗೆ ಏನೂ ಇರುವುದಿಲ್ಲ ಅಂದೆ. ಅವಳು ಸ್ವಲ್ಪ ಯೋಚಿಸಿ, ಹಳೆ ಪತ್ರದಿಂದ ನಾಲ್ಕು ಸಾಲು ಹೋಗತ್ತೆ ಇರಬೇಕು ಅಂದಳು. ಮೈನಸ್ ಸಂಖ್ಯೆಯ ಅರ್ಥವನ್ನು ಇಷ್ಟು ಚೆನ್ನಾಗಿ ಹೇಳಿದ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಇದುವರೆಗೆ ಬಂದಿಲ್ಲ. ಅವಳು ಶಾಲೆಗೆ ಹೋದ ಮೇಲೆ ನಾನು ಡಬ್ಬಿ ತೆಗೆದು ಮೊದಲ ಪತ್ರವನ್ನು ಎಣಿಸಿದೆ. ನಗಬೇಡಿ. ನಲವತ್ತಮೂರೂ ಇವೆ. ಇಂದು ಬೆಳಿಗ್ಗೆಯೂ ಇದ್ದವು.

ನನ್ನನ್ನು ಕಾಡುವುದು ಇನ್ನೊಂದು. ಮೊದಲು ಅಂಚೆಯವನ ಸೈಕಲ್ಲು ಕಂಡರೆ "ಅಪ್ಪ ಏನ್ ಬರೆದಿದಾರೆ?" ಅಂತ ಓಡುತ್ತಿದ್ದವಳು ಈಗ "ಎಷ್ಟು ಬರೆದಿದಾರೆ?" ಅನ್ನುತ್ತಾಳೆ. ಲೆಕ್ಕ ಸರಿಹೋದಾಗ ಅವಳ ಮುಖದಲ್ಲಿ ಒಂದು ಕಳೆ ಬರುತ್ತೆ ನೋಡಿ, ಮೊದಲ ಬಾರಿ ಅರ್ಥವಾದವರ ಮುಖದ ಕಳೆ. ಯಾವ ತಾಯಿಗೆ, ಯಾವ ಮೇಷ್ಟರಿಗೆ ಅದನ್ನು ಒರೆಸಲು ಮನಸ್ಸು ಬರುತ್ತೆ? ಕೂಡುವುದು ಕಲಿಸಬಹುದು. ಈ ಕಳೆಯನ್ನು ಹೇಗೆ ಕಳೆಯಲಿ?

ನಿಮ್ಮ ಕ್ಯಾಂಪ್ ಆಫೀಸಿಗೆ ನಿನ್ನೆ ಮೂರು ಸಲ ಫೋನು ಮಾಡಿದೆ. ಗುಮಾಸ್ತರು ಮೂರು ಸಲವೂ "ಒಳಗಿದ್ದಾರೆ" ಅಂದರು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ, ಮಧ್ಯಾಹ್ನ ಒಂದಕ್ಕೆ ಒಳಗೆ, ಸಂಜೆ ಐದಕ್ಕೆ ಒಳಗೆ. ಊಟಕ್ಕಾದರೂ ಹೊರಗೆ ಬರೋದಿಲ್ಲವೇನ್ರೀ ಅಂತ ಕೇಳಿದರೆ ಆ ಕಡೆ ರಿಜಿಸ್ಟರಿನ ಹಾಳೆ ತಿರುವಿದ ಸದ್ದು. ಆಮೇಲೆ ಮತ್ತೆ "ಒಳಗಿದ್ದಾರಮ್ಮ."

ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಒದ್ದೆ ಸಾಕ್ಸು ಹಾಕಿಕೊಂಡು ಮಲಗಬೇಡಿ, ಮಾಸ್ಕು ಮಾಸಲಿ. ಅಡುಗೆಯವನಿಗೆ ನನ್ನ ಪರವಾಗಿ ಎರಡು ಬೈಗುಳ ಬಾಕಿ ಇವೆ, ತಲುಪಿಸಿ. ಮಗಳು ಮುತ್ತು ಕಳಿಸಿದ್ದಾಳೆ, ಎಷ್ಟು ಅಂತ ಎಣಿಸಲು ನಾನು ಬಿಡಲಿಲ್ಲ.

ಪೂರ್ಣಾಂಕ ಎಂದೂ ಸಿಗದ,
ನಿಮ್ಮ ಅರ್ಧಾಂಗಿ

ತಾ.ಕ.: ಕವರು ಅಂಟಿಸುವ ಮುಂಚೆ ಅವಳ ಗ್ರಾಫ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹನ್ನೆರಡನೇ ವಾರದ ಜಾಗದಲ್ಲಿ ಉಂಗುರವಿಲ್ಲ, ತೂತಿದೆ. ಬರೆದು ಅಳಿಸಿ, ಬರೆದು ಅಳಿಸಿ, ರಬ್ಬರಿಗೆ ಹಾಳೆಯೇ ಹರಿದಿದೆ. ನನಗೆ ತೋರಿಸುವಾಗೆಲ್ಲ ಅಲ್ಲಿ ಹೆಬ್ಬೆರಳು ಇಟ್ಟಿರುತ್ತಿದ್ದಳು. ಅವಳಿಗೂ ಹೆದರಿಕೆ ರೀ, ನನಗೆ ಹೇಳಿಲ್ಲ. ಈ ಕಾಗದ ನಿಮಗೆ ಮುಟ್ಟುವಾಗ ೨೬ ಆಗಿರುತ್ತೆ. ಹತ್ತನೆಯದು ದಾರಿಯಲ್ಲಿದೆ, ಹನ್ನೊಂದನೆಯದನ್ನು ತಡೆಯಲು ನನ್ನ ಕೈಲಾಗದು. ಉಳಿದದ್ದು ಒಂದೇ ಭಾನುವಾರ. ೨೯ಕ್ಕೆ ಒಳಗೆ ಹೋಗಬೇಡಿ. ಯಾಕೆ ಅಂತ ಕೇಳಿದರೆ ಹೊಟ್ಟೆನೋವು ಅನ್ನಿ, ಹೆಂಡತಿಗೆ ಹುಚ್ಚು ಹಿಡಿದಿದೆ ಅನ್ನಿ, ಯಾರು ಕುಟ್ಟಿದರೂ ಹೋಗಬೇಡಿ. ಹೊರಗೆ ಬಿಸಿಲಿನಲ್ಲಿ ಕೂತು ನಮಗೆ ಬರೆಯಿರಿ. ಐವತ್ತು ಸಾಲು ಬೇಡ, ಒಂದೇ ಸಾಲು ಬರೆದರೂ ಗೆರೆ ತಪ್ಪುತ್ತೆ. ಹದಿನೆಂಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯ ಉತ್ತರವೂ ತಪ್ಪಾಗಲಿ ಅಂತ ನಾನು ಬೇಡಿಕೊಂಡಿಲ್ಲ. ಗೇಟಿನ ಸದ್ದಾಯಿತು, ಬಂದಳು. ಅವಳ ಲೆಕ್ಕ ತಪ್ಪಿಸಿ.